ಓದುಗರ ಪ್ರಶ್ನೆ, ನಮ್ಮ ಉತ್ತರ: ವಿಶ್ವಾಸ ಪ್ರಮಾಣವೂ ದಿನದ ಪ್ರಾರ್ಥನೆಯೂ

ವಿಶ್ವಾಸ ಪ್ರಮಾಣ (ಕ್ರೈಸ್ತರು ತಾವು ನಂಬುವುದನ್ನು ಆರಾಧನೆಯಲ್ಲಿ ಕೂಡಿ ಹೇಳುವ ಪಾಠ) ಮತ್ತು ಮನೆ ಪ್ರಾರ್ಥನೆಯ ಬಗ್ಗೆ ಪ್ರಶ್ನೆ ಕಳಿಸಿ ಎಂದಿದ್ದೆವು. ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳ ಪತ್ರಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಬರೆದವರಲ್ಲಿ ಕಥೋಲಿಕರೂ ಇದ್ದಾರೆ, ಸಿಎಸ್‌ಐ (ದಕ್ಷಿಣ ಭಾರತದ ಪ್ರಾಟೆಸ್ಟೆಂಟ್) ಸಭೆಯವರೂ ಇದ್ದಾರೆ. ಯೇಸುವಿನ ಹನ್ನೆರಡು ಶಿಷ್ಯರು ಒಬ್ಬರಿಗೆ ಪ್ರೇಷಿತರು, ಇನ್ನೊಬ್ಬರಿಗೆ ಅಪೊಸ್ತಲರು. ಆರಾಧನೆ ನಡೆಸುವವರು ಒಬ್ಬರಿಗೆ ಗುರುಗಳು, ಇನ್ನೊಬ್ಬರಿಗೆ ಸಭಾಪಾಲಕರು. ಓದುವಾಗ ನಿಮ್ಮ ಮನೆಯ ಮಾತಿಗೆ ಬದಲಿಸಿಕೊಳ್ಳಿ.

ಪ್ರ: ನಮ್ಮ ದೇವಾಲಯದಲ್ಲಿ ಕೆಲವು ಭಾನುವಾರ ಚಿಕ್ಕ ವಿಶ್ವಾಸ ಪ್ರಮಾಣ, ಕೆಲವು ಭಾನುವಾರ ದೊಡ್ಡದು. ಎರಡು ಯಾಕೆ? ಚಿಕ್ಕದನ್ನು ಹನ್ನೆರಡು ಪ್ರೇಷಿತರು ತಲಾ ಒಂದು ಸಾಲಿನಂತೆ ಹೇಳಿದರು ಎಂದು ಅಜ್ಜಿ ಹೇಳುತ್ತಿದ್ದರು. ನಿಜವೇ? (ಓದುಗಿ, ಪಿ.ಜೆ. ಬಡಾವಣೆ, ದಾವಣಗೆರೆ)

ಉ: ಚಿಕ್ಕದರ ಹೆಸರು ಪ್ರೇಷಿತರ ವಿಶ್ವಾಸ ಪ್ರಮಾಣ, ದೊಡ್ಡದರದು ನಿಸೀಯದ ವಿಶ್ವಾಸ ಪ್ರಮಾಣ. ಅಜ್ಜಿಯವರು ಹೇಳಿದ್ದು ತುಂಬ ಹಳೆಯ ಕಥೆ. ಪ್ರೇಷಿತರು ಊರೂರಿಗೆ ಚದುರುವ ಮುನ್ನ ಕೂಡಿ ಕುಳಿತು ಇದನ್ನು ರಚಿಸಿದರು ಎಂದು ಸುಮಾರು ಕ್ರಿ.ಶ. 400ರಲ್ಲೇ ರುಫಿನುಸ್ ಎಂಬ ಲೇಖಕ ಬರೆದಿದ್ದಾನೆ. ಯಾರ ಪಾಲಿಗೆ ಯಾವ ಸಾಲು ಎಂಬ ಹಂಚಿಕೆ ಆಮೇಲೆ ಸೇರಿಕೊಂಡಿತು. ಚರಿತ್ರೆಯಾಗಿ ಅದು ನಿಲ್ಲುವುದಿಲ್ಲ. ಇಂದು ನಾವು ಹೇಳುವ ಪೂರ್ಣ ಪಾಠ ಈ ರೂಪದಲ್ಲಿ ಸಿಗುವುದು 8ನೇ ಶತಮಾನದಿಂದ ಈಚೆಗೆ. ಆದರೆ ಅದರ ಎಲುಬು ಬಹಳ ಹಳೆಯದು. ರೋಮ್ ನಗರದ ದೀಕ್ಷಾಸ್ನಾನದಿಂದ ಬಂದದ್ದು.

ಆ ಕಾಲದಲ್ಲಿ ದೀಕ್ಷಾಸ್ನಾನ ಪಡೆಯುವವನನ್ನು ನೀರಿಗಿಳಿಸಿ ಮೂರು ಪ್ರಶ್ನೆ ಕೇಳುತ್ತಿದ್ದರು. ತಂದೆಯಾದ ದೇವರನ್ನು ನಂಬುತ್ತೀಯಾ? ‘ನಂಬುತ್ತೇನೆ.’ ಒಂದು ಮುಳುಗು. ಮಗನನ್ನು? ‘ನಂಬುತ್ತೇನೆ.’ ಎರಡನೆಯದು. ಪವಿತ್ರಾತ್ಮರನ್ನು? ಮೂರನೆಯದು. ಈ ಮೂರು ಉತ್ತರಗಳೇ ಕೂಡಿ ಬೆಳೆದು ಚಿಕ್ಕ ಪ್ರಮಾಣವಾಯಿತು. ಅದು ‘ನಾನು’ ಎಂದು ಶುರುವಾಗುವುದಕ್ಕೆ ಕಾರಣ ಇದೇ. ನೀರಿನಲ್ಲಿ ನಿಂತವನು ಒಬ್ಬನೇ, ಅವನ ಪರವಾಗಿ ಬೇರೆಯವರು ಮುಳುಗಲು ಬರುವುದಿಲ್ಲ.

ಹಳಬರು ಇದನ್ನು ‘ಸಿಂಬಲಂ’ ಎಂದು ಕರೆದರು. ಗುರುತಿನ ಬಿಲ್ಲೆ ಎಂದು ಅರ್ಥ. ಸೈಕಲ್ ಸ್ಟ್ಯಾಂಡಿನವನು ಚೀಟಿ ಹರಿದು ಅರ್ಧ ನಿಮ್ಮ ಕೈಗೆ ಕೊಟ್ಟು ಅರ್ಧ ಬಂಡಿಗೆ ಸಿಕ್ಕಿಸುತ್ತಾನಲ್ಲ, ಹಾಗೆ. ವಾಪಸು ಬಂದಾಗ ಎರಡು ತುಂಡು ಹೊಂದಿದರೆ ಬಂಡಿ ನಿಮ್ಮದು. ದೀಕ್ಷೆಗೆ ಸಿದ್ಧರಾಗುವವರು ಇದನ್ನು ಬರೆದುಕೊಳ್ಳುವಂತಿರಲಿಲ್ಲ. ಕೇಳಿ ಬಾಯಿಪಾಠ ಮಾಡಿ ಕೆಲವು ದಿನ ಬಿಟ್ಟು ಎಲ್ಲರೆದುರು ಒಪ್ಪಿಸಬೇಕಿತ್ತು. ‘ಬೆಳಿಗ್ಗೆ ಏಳುವಾಗ, ರಾತ್ರಿ ಮಲಗುವಾಗ ದಿನವೂ ಹೇಳಿ, ಇದು ನಿಮಗೆ ಕನ್ನಡಿಯಾಗಲಿ’ ಎಂಬ ಅರ್ಥದ ಮಾತನ್ನು ಸಂತ ಅಗಸ್ಟೀನರು ಅವರಿಗೆ ಹೇಳಿದ್ದಾರೆ. ಅಂದರೆ ವಿಶ್ವಾಸ ಪ್ರಮಾಣ ಮೊದಲಿನಿಂದಲೂ ಮನೆಯ ಪ್ರಾರ್ಥನೆಯೇ. ಭಾನುವಾರಕ್ಕೆ ಮಾತ್ರ ಮೀಸಲು ಮಾಡಿಕೊಂಡವರು ನಾವು.

ದೊಡ್ಡದರ ಹುಟ್ಟು ಬೇರೆ. ಅಲೆಕ್ಸಾಂಡ್ರಿಯದ ಆರಿಯುಸ್ ಎಂಬ ಗುರು, ಮಗನಾದ ಯೇಸು ಎಷ್ಟೇ ದೊಡ್ಡವರಾದರೂ ದೇವರ ಸೃಷ್ಟಿಯೇ, ಅವರು ಇಲ್ಲದಿದ್ದ ಕಾಲವೂ ಒಂದಿತ್ತು ಎಂದು ಬೋಧಿಸಿದ. ಜಗಳ ಊರು ದಾಟಿತು. ಚಕ್ರವರ್ತಿ ಕಾನ್‌ಸ್ಟಂಟೈನ್ 325ರಲ್ಲಿ ನಿಸೀಯ ಪಟ್ಟಣದಲ್ಲಿ ಧರ್ಮಾಧ್ಯಕ್ಷರ ಸಭೆ ಕರೆದ. ಅದು ಇಂದಿನ ಟರ್ಕಿಯ ಇಜ್ನಿಕ್. ಅಲ್ಲಿ ಬರೆದದ್ದನ್ನು 381ರ ಕಾನ್‌ಸ್ಟಾಂಟಿನೋಪಲ್ ಸಭೆಯ ಹೆಸರಿನಲ್ಲಿ ಪವಿತ್ರಾತ್ಮರ ಭಾಗ ಸೇರಿಸಿ ವಿಸ್ತರಿಸಿದ ಪಾಠವೇ ನೀವು ಹೇಳುವ ದೊಡ್ಡ ಪ್ರಮಾಣ. ಅದು ಮೂಲದಲ್ಲಿ ‘ನಾವು ನಂಬುತ್ತೇವೆ’ ಎಂದು ಶುರುವಾಗುತ್ತದೆ, ಸಭೆ ಕೂಡಿ ಸಹಿ ಹಾಕಿದ ಕಾಗದ ಅದು. ಆರಾಧನೆಗೆ ಬಂದ ಮೇಲೆ ಹಲವು ಕಡೆ ‘ನಾನು’ ಆಯಿತು.

‘ಜನಿಸಿದವರು, ಸೃಷ್ಟಿಯಾದವರಲ್ಲ’ ಎಂಬ ಸಾಲನ್ನು ಅವಸರದಲ್ಲಿ ನುಂಗಬೇಡಿ. ಚಳ್ಳಕೆರೆ ಕಡೆಯ ನೇಕಾರ ಕಂಬಳಿ ನೇಯುತ್ತಾನೆ, ಮಗನನ್ನೂ ಪಡೆಯುತ್ತಾನೆ. ಕಂಬಳಿ ಎಷ್ಟೇ ಚೆನ್ನಾಗಿರಲಿ, ಅದು ಉಣ್ಣೆ. ಮಗ ಅಪ್ಪನಂತೆಯೇ ಮನುಷ್ಯ. ನಿಸೀಯದವರು ಹೇಳಿದ್ದು ಇಷ್ಟು: ಯೇಸು ದೇವರು ನೇಯ್ದ ಕಂಬಳಿಯಲ್ಲ. (ಹೋಲಿಕೆ ಇಲ್ಲಿಗೇ ನಿಲ್ಲಬೇಕು. ನೇಕಾರನ ಮಗನಿಗೆ ಹುಟ್ಟಿದ ದಿನ ಒಂದಿದೆ; ‘ಯುಗಗಳಿಗೆ ಮುಂಚೆಯೇ’ ಎಂಬ ಮಾತು ಇರುವುದು ಆ ತಪ್ಪು ಆಗದಿರಲೆಂದು.)

ಇದರಿಂದ ನಮ್ಮ ದಿನದ ಪ್ರಾರ್ಥನೆಗೆ ಏನಾಯಿತು ಎಂದರೆ, ಎಲ್ಲವೂ. ನಿಸೀಯ ಇದ್ದದ್ದು ಬಿಥಿನಿಯ ಪ್ರಾಂತದಲ್ಲಿ. ಅದೇ ಪ್ರಾಂತದ ರೋಮನ್ ಅಧಿಕಾರಿ ಪ್ಲೀನಿ ಸುಮಾರು 112ರಲ್ಲಿ ಚಕ್ರವರ್ತಿಗೆ ಬರೆದ ವರದಿ ಉಳಿದಿದೆ. ಈ ಕ್ರೈಸ್ತರು ಗೊತ್ತಾದ ದಿನ ಬೆಳಕು ಹರಿಯುವ ಮುನ್ನ ಕೂಡಿ ಕ್ರಿಸ್ತನಿಗೆ, ದೇವರಿಗೆಂಬಂತೆ, ಸರದಿಯಲ್ಲಿ ಹಾಡುತ್ತಾರೆ ಎಂದು. ಸಭೆ ಕೂಡುವುದಕ್ಕೆ ಇನ್ನೂರಕ್ಕೂ ಹೆಚ್ಚು ವರ್ಷ ಮೊದಲೇ ಆ ಸೀಮೆಯ ಸಾಮಾನ್ಯ ಜನ ಯೇಸುವಿಗೆ ಪ್ರಾರ್ಥಿಸುತ್ತಿದ್ದರು. ಆರಿಯುಸ್ ಹೇಳಿದ್ದು ಸರಿಯಾದರೆ ಅವರೆಲ್ಲ ಸೃಷ್ಟಿಗೆ ಕೈಮುಗಿದ ಹಾಗಾಯಿತು. ಪ್ರಾರ್ಥನೆ ಮೊದಲು ಬಂತು, ಅದನ್ನು ಕಾಯಲು ಪ್ರಮಾಣ ಆಮೇಲೆ ಬಂತು.

ಯಾವಾಗ ಯಾವುದು? ಕಥೋಲಿಕ ಬಲಿಪೂಜೆಯಲ್ಲಿ ಭಾನುವಾರ ಮತ್ತು ಮಹೋತ್ಸವಗಳಂದು ಪ್ರಮಾಣ ಇರುತ್ತದೆ. ದೊಡ್ಡದರ ಬದಲು ಚಿಕ್ಕದನ್ನು, ವಿಶೇಷವಾಗಿ ತಪಸ್ಸುಕಾಲ (ಈಸ್ಟರಿಗೆ ಮುಂಚಿನ ವಾರಗಳು) ಮತ್ತು ಪಾಸ್ಕ (ಈಸ್ಟರ್) ಕಾಲದಲ್ಲಿ, ಹೇಳಬಹುದು. ಸಿಎಸ್‌ಐನಲ್ಲಿ ಸಾಮಾನ್ಯವಾಗಿ ಕರ್ತನ ಭೋಜನ ಇರುವ ದಿನ ದೊಡ್ಡದು, ದೀಕ್ಷಾಸ್ನಾನಕ್ಕೆ ಚಿಕ್ಕದು. ದೊಡ್ಡದರಲ್ಲಿ ‘ಮನುಷ್ಯರಾದರು’ ಎಂಬಲ್ಲಿ ಕಥೋಲಿಕರು ತಲೆಬಾಗಬೇಕು, ಕ್ರಿಸ್ಮಸ್ ಮತ್ತು ಮಾರ್ಚ್ 25ರ ಮಂಗಳವಾರ್ತೆ ಹಬ್ಬದಂದು ಮೊಣಕಾಲೂರಬೇಕು. ಬಹಳ ಕಡೆ ಗುರುಗಳು ಬಾಗುತ್ತಾರೆ, ಜನ ನೋಡುತ್ತಾ ನಿಲ್ಲುತ್ತಾರೆ.

ಪ್ರ: ಕನ್ಯೆಯಲ್ಲಿ ಹುಟ್ಟಿದರು ಎಂದವರು ಮುಂದಿನ ಮಾತಿಗೇ ಪಿಲಾತನ ಕಾಲದಲ್ಲಿ ಯಾತನೆ ಪಟ್ಟರು ಎನ್ನುತ್ತೇವೆ. ನಡುವಿನ ಬೋಧನೆ, ಸಾಮತಿ, ಅದ್ಭುತ ಎಲ್ಲಿ ಹೋಯಿತು? ಪಿಲಾತನಂಥವನ ಹೆಸರು ಯಾಕೆ ದಿನಾ ಹೇಳಬೇಕು? ‘ಪಾತಾಳಕ್ಕೆ ಇಳಿದರು’ ಎಂದರೆ ನರಕಕ್ಕೆ ಹೋದರೇ? (ಓದುಗ, ಚಿತ್ರದುರ್ಗ)

ಉ: ಕೋಟೆಯ ಊರಿನವರು ಕೇಳಿದ್ದೀರಿ, ಅಲ್ಲಿಂದಲೇ ಹೇಳೋಣ. ಕೋಟೆಯ ಗೋಡೆ ಎಲ್ಲ ಕಡೆ ಒಂದೇ ದಪ್ಪ ಇರುವುದಿಲ್ಲ. ಬಂಡೆಯೇ ಕಾಯುವ ಕಡೆ ತೆಳು, ಶತ್ರು ಬರುವ ಕಡೆ ದಪ್ಪ. ಪ್ರಮಾಣವೂ ಹಾಗೆಯೇ. ಅದು ಸುವಾರ್ತೆಯ ಸಾರಾಂಶವಲ್ಲ. ಯೇಸುಸ್ವಾಮಿ ಬೋಧಿಸಿದರು ಎಂಬುದನ್ನು ಯಾರೂ ಅಲ್ಲಗಳೆಯಲಿಲ್ಲ. ಅವರಿಗೆ ನಿಜವಾದ ದೇಹ ಇತ್ತೇ, ನಿಜವಾಗಿ ಸತ್ತರೇ ಎಂದು ಅನುಮಾನಿಸಿದವರು ಇದ್ದರು. ಹಾಗಾಗಿ ‘ಹುಟ್ಟಿದರು, ಯಾತನೆ ಪಟ್ಟರು, ಶಿಲುಬೆಗೇರಿಸಲ್ಪಟ್ಟರು, ಸತ್ತರು, ಹೂಳಲ್ಪಟ್ಟರು’ ಎಂದು ಮೊಳೆಯ ಮೇಲೆ ಮೊಳೆ ಹೊಡೆದಿದ್ದಾರೆ. ಪರ್ವತ ಪ್ರಸಂಗ ಬೇಕಾದರೆ ಮತ್ತಾಯ 5ರಿಂದ 7ನೇ ಅಧ್ಯಾಯ ಓದಬೇಕು. ಪ್ರಮಾಣ ಹೇಳಿ ಮುಗಿಸಿದರೆ ಬೈಬಲ್ ಓದಿದ ಹಾಗಲ್ಲ.

ಪಿಲಾತನ ಹೆಸರು ಗೌರವಕ್ಕಲ್ಲ, ತಾರೀಖಿಗೆ. ಯೇಸುವನ್ನು ಶಿಲುಬೆಗೆ ಒಪ್ಪಿಸಿದ ರೋಮನ್ ಅಧಿಕಾರಿ ಅವನು, ಯೂದಾಯವನ್ನು ಆಳಿದ್ದು ಕ್ರಿ.ಶ. 26ರಿಂದ 36ರವರೆಗೆ. ಅವನ ಹೆಸರು ಕೆತ್ತಿದ ಕಲ್ಲೊಂದು 1961ರಲ್ಲಿ ಕೈಸರೈಯದ ಅವಶೇಷಗಳಲ್ಲಿ ಸಿಕ್ಕಿತು. ‘ಒಂದಾನೊಂದು ಕಾಲದಲ್ಲಿ’ ಎಂದು ಹೇಳುವ ಕಥೆ ಇದಲ್ಲ, ಇಂಥ ಅಧಿಕಾರಿಯ ಅವಧಿಯಲ್ಲಿ ನಡೆದದ್ದು ಎಂದು ಸಾಲು ಹೇಳುತ್ತದೆ. ಹಳೆಯ ಕ್ರಯಪತ್ರದಲ್ಲಿ ತಹಶೀಲ್ದಾರರ ಹೆಸರು ಇರುವ ಹಾಗೆ.

ಪಾತಾಳದ ವಿಷಯದಲ್ಲಿ ನಮ್ಮ ಕನ್ನಡ ಬೈಬಲ್ ಒಳ್ಳೆಯ ಉಪಕಾರ ಮಾಡಿದೆ. ಸತ್ತವರೆಲ್ಲ ಸೇರುವ ಸ್ಥಳಕ್ಕೆ ‘ಪಾತಾಳ’ ಎಂದೂ, ಶಿಕ್ಷೆಯ ಬೆಂಕಿಗೆ ‘ನರಕ’ ಎಂದೂ ಬೇರೆ ಬೇರೆ ಪದ ಬಳಸಿದೆ. ಅಪೊಸ್ತಲರ ಕೃತ್ಯಗಳು 2:27ನ್ನು ಮತ್ತಾಯ 5:22ರ ಪಕ್ಕ ಇಟ್ಟು ನೋಡಿ. ಪ್ರಮಾಣ ಹೇಳುವುದು ಮೊದಲನೆಯದನ್ನು. ಪುರಾಣದ ನಾಗಲೋಕವೂ ಅಲ್ಲ. ಸಾವು ಎಷ್ಟು ಆಳ ಹೋಗುತ್ತದೋ ಅಷ್ಟು ಆಳ ಇಳಿದರು, ಅಲ್ಲಿದ್ದವರಿಗೂ ಸುದ್ದಿ ಮುಟ್ಟಿಸಿದರು (1 ಪೇತ್ರ 3:19) ಎಂಬುದು ಬಹು ಹಳೆಯ ಕಾಲದಿಂದ ಬಂದ ಅರ್ಥ. ಕೆಲವು ಸಭೆಗಳು ಈ ಸಾಲನ್ನು ಬಿಡುತ್ತವೆ. ಬಿಡಬಾರದಿತ್ತು ಎಂಬುದು ನಮ್ಮ ಅಭಿಪ್ರಾಯ. ಮನೆಯಲ್ಲಿ ಸಾವಾದ ವರ್ಷ ಈ ಸಾಲಿನ ಬೆಲೆ ಗೊತ್ತಾಗುತ್ತದೆ.

ಪ್ರ: ನಾವು ಸಿಎಸ್‌ಐ. ಪ್ರಮಾಣದಲ್ಲಿ ‘ಕಥೋಲಿಕ ಸಭೆಯನ್ನು ನಂಬುತ್ತೇನೆ’ ಎಂದರೆ ಹೇಗೆ? (ಹಿರಿಯೂರು)

ಉ: ‘ಕಥೋಲಿಕ’ ಎಂಬ ಗ್ರೀಕ್ ಮೂಲದ ಮಾತಿಗೆ ‘ಸಮಸ್ತವಾದ, ಎಲ್ಲ ಕಡೆಯ’ ಎಂದು ಅರ್ಥ. ಯಾವುದೇ ಒಂದು ಪಂಗಡದ ಬೋರ್ಡು ಅಲ್ಲ. ಹಿರಿಯೂರಿನ ನಿಮ್ಮ ಸಭೆ ಎಷ್ಟೇ ಚಿಕ್ಕದಿದ್ದರೂ ಲೋಕದ ಎಲ್ಲ ಕಡೆಯ, ಎಲ್ಲ ಕಾಲದ ಸಭೆಯ ತುಂಡು ಎಂದು ಒಪ್ಪಿಕೊಳ್ಳುವ ಸಾಲು ಅದು. ‘ಸಾರ್ವತ್ರಿಕ’ ಎಂದು ಹೇಳಿದರೂ ಅರ್ಥ ಅದೇ.

ಪ್ರ: ನರ್ಸಿಂಗ್ ಹಾಸ್ಟೆಲಿನಲ್ಲಿ ನನ್ನ ರೂಮಿನ ಕೇರಳದ ಹುಡುಗಿ ಆರ್ಥೊಡಾಕ್ಸ್. ಅವಳು ದೊಡ್ಡ ಪ್ರಮಾಣದಲ್ಲಿ ‘ತಂದೆಯಿಂದ ಹೊರಡುವ ಪವಿತ್ರಾತ್ಮ’ ಎಂದಷ್ಟೇ ಹೇಳುತ್ತಾಳೆ. ನಾವು ‘ತಂದೆಯಿಂದಲೂ ಮಗನಿಂದಲೂ’ ಎನ್ನುತ್ತೇವೆ. ಯಾರದು ತಪ್ಪು? (ದಾವಣಗೆರೆ)

ಉ: 381ರ ಪಾಠದಲ್ಲಿರುವುದು ಅವಳು ಹೇಳಿದಷ್ಟೇ. ‘ಮಗನಿಂದಲೂ’ ಎಂಬುದು ಪಶ್ಚಿಮದ ಸಭೆಗಳಲ್ಲಿ ಆಮೇಲೆ ಸೇರಿತು, ರೋಮಿನ ಪೂಜೆಗೆ ಬಂದದ್ದು 1014ರಲ್ಲಿ. ಪೂರ್ವದವರ, ಅಂದರೆ ಆರ್ಥೊಡಾಕ್ಸರ, ದೂರು ಅರ್ಥದ ಮೇಲೆ ಎಷ್ಟೋ, ನಮ್ಮನ್ನು ಕೇಳದೆ ಎಲ್ಲರ ಕಾಗದಕ್ಕೆ ನೀವು ಪದ ಸೇರಿಸಿದಿರಿ ಎಂಬುದರ ಮೇಲೂ ಅಷ್ಟೇ. ರೂಮಿನಲ್ಲಿ ಇಬ್ಬರೂ ಕೂಡಿ ಹೇಳುವಾಗ ಹಳೆಯ ಪಾಠ ಹೇಳಿ, ಜಗಳಕ್ಕೆ ಆಸ್ಪದವಿಲ್ಲ.

ಪ್ರ: ಮಂಡಕ್ಕಿ ಭಟ್ಟಿಯಲ್ಲಿ ಕೆಲಸ. ಬೆಳಗಿನ ಜಾವ ಮೂರಕ್ಕೆ ಹೋಗುತ್ತೇನೆ, ಮಧ್ಯಾಹ್ನ ಬಂದು ಮಲಗುತ್ತೇನೆ. ‘ಬೆಳಿಗ್ಗೆ ಎದ್ದು ಒಂದು ಗಂಟೆ ಪ್ರಾರ್ಥಿಸಿ’ ಎನ್ನುತ್ತಾರೆ. ಮೂರು ಸಲ ಶುರು ಮಾಡಿ ಮೂರು ಸಲವೂ ಬಿಟ್ಟೆ. (ದಾವಣಗೆರೆ)

ಉ: ತಪ್ಪು ನಿಮ್ಮ ಭಕ್ತಿಯದಲ್ಲ, ಲೆಕ್ಕದ್ದು. ಒಂದು ಗಂಟೆಯಿಂದ ಶುರು ಮಾಡಿದವರು ಹೆಚ್ಚಿನವರು ಎರಡನೇ ವಾರಕ್ಕೆ ಬಿಡುತ್ತಾರೆ. ಒಂದು ದಿನ ತಪ್ಪುತ್ತದೆ, ಮರುದಿನ ಎರಡು ಗಂಟೆಯ ಬಾಕಿ ಇದ್ದ ಹಾಗೆ ಅನ್ನಿಸುತ್ತದೆ, ಮೂರನೇ ದಿನ ಮುಖ ತಪ್ಪಿಸಿಕೊಳ್ಳುತ್ತೇವೆ. ಪ್ರಾರ್ಥನೆಯಲ್ಲಿ ಬಾಕಿ ಎಂಬುದಿಲ್ಲ. ತಪ್ಪಿದ್ದು ತಪ್ಪಿತು, ಇವತ್ತಿನದು ಮಾತ್ರ ಇವತ್ತಿಗೆ.

ಗಂಟೆ ಮುಖ್ಯವಲ್ಲ, ಗಂಟು ಮುಖ್ಯ. ಬೈಬಲಿನ ದಾನಿಯೇಲ ದಿನಕ್ಕೆ ಮೂರಾವರ್ತಿ ಮೊಣಕಾಲೂರುತ್ತಿದ್ದ (6:10). ಮೊದಲ ಶತಮಾನದ ಕೊನೆಯ ಹೊತ್ತಿನದೆಂದು ಹಲವರು ಎಣಿಸುವ ‘ದಿದಾಖೆ’ ಎಂಬ ಪುಟ್ಟ ಕೈಪಿಡಿ, ಕರ್ತನು ಕಲಿಸಿದ ಪ್ರಾರ್ಥನೆಯನ್ನು ದಿನಕ್ಕೆ ಮೂರು ಸಲ ಹೇಳಿ ಎಂದಷ್ಟೇ ಕೇಳುತ್ತದೆ. ಮೂರೂ ಸೇರಿ ಎರಡು ನಿಮಿಷ. ಶುರುವಿಗೆ ಅಷ್ಟು ಸಾಕು. ಮೂರನ್ನೂ ನೀವು ಹೇಗೂ ಮಾಡುವ ಕೆಲಸಕ್ಕೆ ಗಂಟು ಹಾಕಿ: ಚಪ್ಪಲಿ ಮೆಟ್ಟುವ ಮುನ್ನ ಒಂದು, ಭಟ್ಟಿಯಲ್ಲಿ ಚಹಾ ಬಂದಾಗ ಒಂದು, ಕೆಲಸ ಮುಗಿಸಿ ಕೈಕಾಲು ತೊಳೆದ ಮೇಲೆ ಒಂದು. ಗಡಿಯಾರಕ್ಕೆ ಕಟ್ಟಿದರೆ ಪಾಳಿ ಬದಲಾದ ದಿನ ಕಳಚಿಹೋಗುತ್ತದೆ. ಚಪ್ಪಲಿಗೆ ಕಟ್ಟಿದ್ದು ಉಳಿಯುತ್ತದೆ.

ನಾಲ್ಕು ವಾರ ಇದು ತಪ್ಪದೆ ನಡೆದರೆ ಮಾತ್ರ ಮುಂದಕ್ಕೆ ಹೋಗಿ. ಕೆಲಸದಿಂದ ಬಂದು ಮಲಗುವ ಮುನ್ನ ಹತ್ತು ನಿಮಿಷ, ಹೀಗೆ: ಒಂದು ನಿಮಿಷ ಸುಮ್ಮನೆ ಕುಳಿತುಕೊಳ್ಳಿ, ಭಟ್ಟಿಯ ಸದ್ದು ಕಿವಿಯಿಂದ ಇಳಿಯಲಿ. ಚಿಕ್ಕ ಪ್ರಮಾಣವನ್ನು ಬಾಯಿಬಿಟ್ಟು, ಸಾಲಿಗೊಂದು ಉಸಿರು ಬಿಟ್ಟು ಹೇಳಿ; ಒಂದೂವರೆ ನಿಮಿಷ ಹಿಡಿಯಬೇಕು. ಬೈಬಲಿನ ಕೀರ್ತನೆಗಳಲ್ಲಿ ಒಂದನ್ನು ಓದಿ. ಮೂರು ಜನರ ಹೆಸರು ಹೇಳಿ, ಮೂರಕ್ಕಿಂತ ಹೆಚ್ಚು ಬೇಡ. ಉಳಿದವರು ನಾಳೆ, ನಾಡಿದ್ದು. ಪಟ್ಟಿ ಉದ್ದವಾದರೆ ಪ್ರಾರ್ಥನೆ ರೇಷನ್ ಅಂಗಡಿಯ ಹಾಜರಿಯಾಗುತ್ತದೆ. ಕೊನೆಗೆ ಕರ್ತನ ಪ್ರಾರ್ಥನೆ. ಕೀರ್ತನೆಗಳು 150, ದಿನಕ್ಕೊಂದರಂತೆ ಐದು ತಿಂಗಳಿಗೆ ಒಂದು ಸುತ್ತು. 119ನೆಯದು ಬಂದಾಗ ಎಲ್ಲರೂ ಸಿಕ್ಕಿಬೀಳುತ್ತಾರೆ, ಅದಕ್ಕೆ 176 ವಚನ. ಅದು ಎಂಟೆಂಟು ವಚನದ 22 ಭಾಗ. ದಿನಕ್ಕೊಂದು ಭಾಗ ಸಾಕು.

ನಿಮ್ಮಂತೆ ಜಾವಕ್ಕೆ ಏಳುವವರಿಗೆ 134ನೇ ಕೀರ್ತನೆ ಇದೆ, ಮೂರೇ ವಚನ, ರಾತ್ರಿ ಹೊತ್ತು ಕರ್ತನ ಆಲಯದಲ್ಲಿ ನಿಂತಿರುವವರಿಗೆ ಹೇಳಿದ್ದು. ಬಾಯಿಪಾಠ ಮಾಡಿ ದಾರಿಯಲ್ಲಿ ಹೇಳಿಕೊಳ್ಳಬಹುದು. ಬೆಂಕಿಯ ಮುಂದೆ ಮಾತ್ರ ಕಣ್ಣು ಮುಚ್ಚಬೇಡಿ. ಕಾದ ಮರಳು ಭಕ್ತಿ ನೋಡುವುದಿಲ್ಲ. ಅಲ್ಲಿ ಕಣ್ಣು ತೆರೆದು, ಯೆರಿಕೋವಿನ ಕುರುಡ ಕೂಗಿದ ‘ಯೇಸುವೇ, ದಾವೀದನ ಕುಮಾರನೇ, ನನ್ನನ್ನು ಕರುಣಿಸು’ ಎಂಬ ಒಂದೇ ಮಾತು ಸಾಕು.

ಪ್ರ: ಹರಿಹರದ ಆರೋಗ್ಯ ಮಾತೆಯ ಹಬ್ಬಕ್ಕೆ ಪ್ರತಿ ವರ್ಷ ಮನೆಯಲ್ಲಿ ಜಪಸರ ಹೇಳುತ್ತೇವೆ. ಬಾಯಿ ಹೇಳುತ್ತದೆ, ಮನಸ್ಸು ಎಲ್ಲೋ ಇರುತ್ತದೆ. ಪಕ್ಕದ ಮನೆಯ ಪೆಂತೆಕೋಸ್ತಿನವರು ‘ಹೇಳಿದ್ದನ್ನೇ ಹೇಳುವುದು ವ್ಯರ್ಥ’ ಎಂದು ವಚನ ತೋರಿಸುತ್ತಾರೆ. (ಓದುಗಿ, ಹರಿಹರ)

ಉ: ಅವರು ತೋರಿಸುವುದು ಮತ್ತಾಯ 6:7. ಅಲ್ಲಿ ಬೈದಿರುವುದು ಹೆಚ್ಚು ಮಾತಾಡಿದರೆ ದೇವರು ಕೇಳುತ್ತಾನೆ ಎಂಬ ಭ್ರಮೆಯನ್ನು. ಅದರ ಎರಡು ವಚನ ಆದ ಮೇಲೆ ಯೇಸುಸ್ವಾಮಿ ಬಾಯಿಪಾಠಕ್ಕೆಂದೇ ಒಂದು ಪ್ರಾರ್ಥನೆ ಕೊಡುತ್ತಾರೆ. ಗೆತ್ಸೆಮನೆಯಲ್ಲಿ ಅವರೇ ಮೂರನೆಯ ಸಲವೂ ‘ಅದೇ ಮಾತನ್ನು ಹೇಳಿ’ ಪ್ರಾರ್ಥಿಸಿದರು (ಮತ್ತಾಯ 26:44). 136ನೇ ಕೀರ್ತನೆಯಲ್ಲಿ 26 ವಚನ, ಇಪ್ಪತ್ತಾರರಲ್ಲೂ ಅದೇ ಪಲ್ಲವಿ. ಆದರೂ ಪಕ್ಕದ ಮನೆಯವರ ಮಾತಿನಲ್ಲಿ ಒಂದು ಮುಳ್ಳು ಇದೆ, ತೆಗೆದು ಬಿಸಾಡಬೇಡಿ. ನಾವು ಹೇಳುವ ವೇಗ ನೋಡಿದರೆ ಅವರಿಗೆ ಹಾಗೆ ಅನ್ನಿಸುವುದರಲ್ಲಿ ತಪ್ಪಿಲ್ಲ.

ಜಪಸರದಲ್ಲಿ 59 ಮಣಿ: 53 ‘ನಮೋ ಮರಿಯ’ಕ್ಕೆ, 6 ‘ಸ್ವರ್ಗದಲ್ಲಿರುವ ನಮ್ಮ ತಂದೆಯೇ’ಗೆ. ಶುರುವಾಗುವುದು ಮಣಿಯಿಂದಲ್ಲ, ಶಿಲುಬೆಯಿಂದ. ಅದನ್ನು ಹಿಡಿದು ಹೇಳುವುದು ಪ್ರೇಷಿತರ ವಿಶ್ವಾಸ ಪ್ರಮಾಣ. ಎಷ್ಟೋ ಮನೆಗಳಲ್ಲಿ ಇದನ್ನೇ ಓಡಿಸಿಬಿಡುತ್ತಾರೆ. ಯಾರ ಜೊತೆ ಮಾತಾಡಲು ಕುಳಿತಿದ್ದೇವೆ ಎಂದು ಹೇಳಿಕೊಳ್ಳುವುದೇ ಅಲ್ಲಿ. ಆಮೇಲೆ ಒಂದು ದೊಡ್ಡ ಮಣಿ, ವಿಶ್ವಾಸ ಭರವಸೆ ಪ್ರೀತಿಗೆ ಮೂರು ಚಿಕ್ಕವು, ಪಿತ ಸುತ ಪವಿತ್ರಾತ್ಮರ ಸ್ತುತಿ. ಅನಂತರ ಐದು ಹತ್ತುಗಳು. ಒಂದೊಂದು ಹತ್ತಿಗೂ ಯೇಸು ಮರಿಯರ ಬದುಕಿನ ಒಂದು ಘಟನೆ ನೆನೆಯುತ್ತೇವೆ, ಅದಕ್ಕೇ ‘ರಹಸ್ಯ’ ಎನ್ನುವುದು. ಸೋಮವಾರ ಮತ್ತು ಶನಿವಾರ ಸಂತೋಷದ ರಹಸ್ಯಗಳು, ಮಂಗಳವಾರ ಮತ್ತು ಶುಕ್ರವಾರ ದುಃಖದವು, ಬುಧವಾರ ಮತ್ತು ಭಾನುವಾರ ಮಹಿಮೆಯವು. ಗುರುವಾರದ ಬೆಳಕಿನ ರಹಸ್ಯಗಳನ್ನು 2002ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಸೇರಿಸಿದರು. ಚಿತ್ರದುರ್ಗದ ಓದುಗರು ಕೇಳಿದ ‘ನಡುವಿನ’ ಬದುಕು, ಅಂದರೆ ಯೊರ್ದಾನಿನ ಸ್ನಾನ, ಕಾನಾ ಊರಿನ ಮದುವೆ, ದೇವರ ಸಾಮ್ರಾಜ್ಯದ ಬೋಧನೆ, ಇವೆಲ್ಲ ಬರುವುದು ಆ ದಿನವೇ.

ಎಲ್ಲಿ ಕೆಡುತ್ತದೆ? ಮನೆಯಲ್ಲಿ ಎರಡು ಗುಂಪಾಗಿ ಹೇಳುವಾಗ ಮೊದಲ ಗುಂಪಿನ ಕೊನೆಯ ಪದ ಮುಗಿಯುವ ಮುನ್ನವೇ ಎರಡನೆಯವರು ‘ಸಂತ ಮರಿಯಳೇ’ ಎಂದು ಹತ್ತಿಬಿಡುತ್ತಾರೆ. ಮೊದಲ ಗುಂಪು ಅದರ ಮೇಲೆ ಹತ್ತುತ್ತದೆ. ಮೂರನೇ ಹತ್ತಿಗೆ ಓಟದ ಪಂದ್ಯ. ಮನಸ್ಸು ಓಡಿಹೋಗುವುದಕ್ಕೆ ಅರ್ಧ ಕಾರಣ ಇದೇ. ಮಾತಿಗೇ ಅರ್ಥ ಇಲ್ಲವಾದ ಮೇಲೆ ಮನಸ್ಸು ಅಲ್ಲಿ ಯಾಕೆ ಕೂರುತ್ತದೆ? ಪರಿಹಾರ ಚಿಕ್ಕದು. ‘ಯೇಸು’ ಎಂಬ ಹೆಸರು ಬಂದಲ್ಲಿ ಎಲ್ಲರೂ ನಿಲ್ಲಿ. ಒಂದು ಉಸಿರು. ಆಮೇಲೆ ಎರಡನೇ ಗುಂಪು. ಪ್ರತಿ ಹತ್ತಿಗೆ ಮುಂಚೆ ರಹಸ್ಯದ ಹೆಸರು ಹೇಳಿ ಎರಡು ವಚನ ಓದಿ ಹತ್ತು ಸೆಕೆಂಡು ಸುಮ್ಮನಿರಿ. ಹೀಗೆ ಹೇಳಿದರೆ ಐದು ಹತ್ತಿಗೆ ಸುಮಾರು 20 ನಿಮಿಷ ಬೇಕು. ಒಂಬತ್ತು ನಿಮಿಷಕ್ಕೆ ಮುಗಿದಿದ್ದರೆ ಪದಗಳನ್ನು ನುಂಗಿದ್ದೀರಿ. ಇಪ್ಪತ್ತು ನಿಮಿಷ ಸಿಗದ ದಿನ ಒಂದೇ ಹತ್ತನ್ನು ನಿಧಾನವಾಗಿ ಹೇಳುವುದು ಐದನ್ನು ಓಡಿಸುವುದಕ್ಕಿಂತ ಎಷ್ಟೋ ಮೇಲು.

ಮನಸ್ಸು ಆದರೂ ಹೋಗುತ್ತದೆ. ಎಲ್ಲಿಗೆ ಹೋಯಿತೋ ಅದನ್ನೇ, ಗ್ಯಾಸ್ ಸಿಲಿಂಡರ್ ಆಗಲಿ ಮಗನ ಪರೀಕ್ಷೆಯಾಗಲಿ, ಮುಂದಿನ ಮಣಿಗೆ ಹಾಕಿ ಮುಂದುವರಿಯಿರಿ. ಮಣಿ ಹಿಂದಕ್ಕೆ ತಿರುಗಿಸಿ ಮತ್ತೆ ಮೊದಲಿನಿಂದ ಹೇಳುವ ಶಿಕ್ಷೆ ಬೇಡ.

ಪ್ರ: ಕಾಲೇಜಿನಲ್ಲಿ ವಿಜ್ಞಾನ ಓದುತ್ತಿದ್ದೇನೆ. ಪ್ರಮಾಣದ ಒಂದೆರಡು ಸಾಲು ನನಗೆ ನಂಬಲಾಗುತ್ತಿಲ್ಲ. ಆ ಸಾಲು ಬಂದಾಗ ಸುಮ್ಮನಾಗುತ್ತೇನೆ. ಇದು ಕಪಟವೇ? (ಚಳ್ಳಕೆರೆ)

ಉ: ಸುಮ್ಮನಾಗುವುದು ಕಪಟವಲ್ಲ. ಸುಮ್ಮನಾಗಿಯೇ ಇದ್ದುಬಿಡುವುದು ಸೋಮಾರಿತನ. ಕನ್ನಡದ ‘ನಂಬು’ ಎಂಬ ಮಾತನ್ನು ಗಮನಿಸಿ. ‘ಮಳೆ ಬರುತ್ತದೆ ಎಂದು ನಂಬಿದ್ದೇನೆ’ ಎಂದರೆ ಅಭಿಪ್ರಾಯ. ‘ಅವನನ್ನು ನಂಬಿ ಮಂಡಿಗೆ ಮೆಕ್ಕೆಜೋಳ ಹಾಕಿದೆ’ ಎಂದರೆ ವರ್ಷದ ಬೆಳೆಯನ್ನೇ ಒಬ್ಬನ ಕೈಗೆ ಒಪ್ಪಿಸಿದ್ದು. ಪ್ರಮಾಣದ ‘ನಂಬುತ್ತೇನೆ’ ಎರಡನೆಯದು. ಸಾಲುಗಳೆಲ್ಲ ಆ ಒಬ್ಬರು ಯಾರು ಎಂದು ಹೇಳುತ್ತವೆ. ವ್ಯಕ್ತಿಯನ್ನು ನಂಬಿ ಅವರ ಬಗ್ಗೆ ಎಲ್ಲವೂ ಇನ್ನೂ ತಿಳಿಯದಿರುವುದು ಲೋಕದಲ್ಲಿ ಇದ್ದದ್ದೇ.

ಹೀಗೆ ಮಾಡಿ. ತಡೆಯುವ ಸಾಲನ್ನು ಪುಸ್ತಕದಲ್ಲಿ ಪೆನ್ಸಿಲ್ಲಿನಿಂದ ಗುರುತಿಸಿ. ಅದರ ಬೇರು ಇರುವ ವಚನ ಓದಿ: ಕನ್ಯೆಯ ಮಾತಾದರೆ ಲೂಕ 1:26ರಿಂದ 38, ಪುನರುತ್ಥಾನವಾದರೆ 1 ಕೊರಿಂಥ 15:3ರಿಂದ 8. ಆ ಕೊರಿಂಥದ ಸಾಲುಗಳೇ ಒಂದು ಪುಟ್ಟ ಪ್ರಮಾಣ. ‘ನನಗೆ ತಿಳಿಸಲ್ಪಟ್ಟದ್ದನ್ನು ನಿಮಗೆ ತಿಳಿಸಿಕೊಟ್ಟೆ’ ಎನ್ನುತ್ತಾನೆ ಪೌಲ, ಅಂದರೆ ಅವನಿಗಿಂತ ಹಳೆಯದು. ಸಾಕ್ಷಿಗಳ ಹೆಸರು ಹೇಳಿ, ಐನೂರು ಜನರಲ್ಲಿ ಹೆಚ್ಚಿನವರು ಇನ್ನೂ ಬದುಕಿದ್ದಾರೆ ಎನ್ನುತ್ತಾನೆ. ಓದಿದ ಮೇಲೂ ತಡೆದರೆ ಗುರುಗಳ ಹತ್ತಿರ ಹೋಗಿ ಆ ಸಾಲನ್ನೇ ಬೆರಳಿಟ್ಟು ಕೇಳಿ. ‘ನನಗೆ ಸಂಶಯ’ ಎಂದು ಮೊಗಮ್ಮಾಗಿ ಹೇಳಿದರೆ ಅವರೂ ಮೊಗಮ್ಮಾಗಿ ಉತ್ತರಿಸುತ್ತಾರೆ. ಅಲ್ಲಿಯವರೆಗೆ ಆ ಸಾಲಿಗೆ ಮಾರ್ಕ 9:24ರ ತಂದೆಯ ಮಾತು ಸೇರಿಸಿಕೊಳ್ಳಿ: ‘ನಂಬುತ್ತೇನೆ, ನನ್ನ ಅಪನಂಬಿಕೆಗೆ ಸಹಾಯಮಾಡು.’ ಯಾರದಾದರೂ ಮಗುವಿನ ದೀಕ್ಷಾಸ್ನಾನಕ್ಕೆ ಜ್ಞಾನತಂದೆಯಾಗಿ ನಿಲ್ಲುವ ಕರೆ ಬಂದರೆ ಮಾತ್ರ, ಮೊದಲು ಗುರುಗಳಿಗೆ ವಿಷಯ ತಿಳಿಸಿ. ಅಲ್ಲಿ ನೀವು ಹೇಳುವ ‘ನಂಬುತ್ತೇನೆ’ ಇನ್ನೊಬ್ಬರ ಪರವಾದದ್ದು.

ಪ್ರ: ಮೊಬೈಲಿನಲ್ಲಿ ನೋಡಿ ಪ್ರಾರ್ಥಿಸಬಹುದೇ? (ಹೊಸದುರ್ಗ)

ಉ: ಬಹುದು. ಏರೋಪ್ಲೇನ್ ಮೋಡಿಗೆ ಹಾಕಿ.

ಪ್ರ: ನಾನು ಸಿಎಸ್‌ಐ ಮನೆಯಿಂದ ಬಂದವಳು, ನಮ್ಮ ಮನೆಯವರು ಕಥೋಲಿಕರು. ನಾನು ‘ಪರಲೋಕದಲ್ಲಿರುವ ನಮ್ಮ ತಂದೆಯೇ, ನಿನ್ನ ನಾಮವು ಪರಿಶುದ್ಧವೆಂದು ಎಣಿಸಲ್ಪಡಲಿ’ ಎನ್ನುತ್ತೇನೆ. ಅವರು ‘ಸ್ವರ್ಗದಲ್ಲಿರುವ ನಮ್ಮ ತಂದೆಯೇ, ನಿಮ್ಮ ನಾಮ ಪೂಜಿತವಾಗಲಿ’ ಎನ್ನುತ್ತಾರೆ. ಏಳು ವರ್ಷದ ಮಗಳು ಎರಡನ್ನೂ ಬೆರೆಸಿ ಹೇಳುತ್ತಾಳೆ. ಯಾವುದು ಕಲಿಸಲಿ? ಪ್ರಮಾಣ ಕಲಿಸುವುದು ಹೇಗೆ? (ದಾವಣಗೆರೆ)

ಉ: ಮಗಳು ಯಾವ ದೇವಾಲಯಕ್ಕೆ ಹೋಗುತ್ತಾಳೋ ಅಲ್ಲಿನದನ್ನು ಮೊದಲು ಗಟ್ಟಿ ಮಾಡಿಸಿ. ಜನರ ನಡುವೆ ನಿಂತಾಗ ಬಾಯಿ ತಡವರಿಸಬಾರದು. ಇನ್ನೊಂದು ಆರು ತಿಂಗಳ ಮೇಲೆ ತಾನಾಗಿ ಬರುತ್ತದೆ. ಒಂದು ಪಾಠದವರು ದೇವರನ್ನು ಅಪ್ಪನಂತೆ ‘ನೀನು’ ಎಂದರು, ಇನ್ನೊಂದು ಪಾಠದವರು ‘ನೀವು’ ಎಂದು ಮರ್ಯಾದೆ ಕೊಟ್ಟರು. ನಮ್ಮ ಊರಿನಲ್ಲಿ ಅಪ್ಪನನ್ನು ‘ನೀನು’ ಎನ್ನುವ ಮನೆಯೂ ಉಂಟು, ‘ನೀವು’ ಎನ್ನುವ ಮನೆಯೂ ಉಂಟು, ಎರಡರಲ್ಲೂ ಅಪ್ಪ ಅಪ್ಪನೇ. ಊಟಕ್ಕೆ ಮುಂಚೆ ನಿಮ್ಮದು, ಮಲಗುವಾಗ ಅವರದು ಎಂದು ಹಂಚಿಕೊಂಡರೆ ಮಗು ಬೆರೆಸುವುದು ನಿಲ್ಲುತ್ತದೆ. ಕೊನೆಯ ‘ರಾಜ್ಯವೂ ಬಲವೂ ಮಹಿಮೆಯೂ’ ಎಂಬ ಸಾಲು ಸಿಎಸ್‌ಐನವರಲ್ಲಿ ಪ್ರಾರ್ಥನೆಗೇ ಅಂಟಿಕೊಂಡಿರುತ್ತದೆ, ಕಥೋಲಿಕರ ಬಲಿಪೂಜೆಯಲ್ಲಿ ಗುರುಗಳ ಒಂದು ಪ್ರಾರ್ಥನೆ ಆದ ಮೇಲೆ ಬರುತ್ತದೆ. ಮತ್ತಾಯನ ಅತಿ ಹಳೆಯ ಹಸ್ತಪ್ರತಿಗಳಲ್ಲಿ ಅದು ಇಲ್ಲ, ಆದರೆ ದಿದಾಖೆಯಲ್ಲಿ ಅದರ ಹಳೆಯ ರೂಪ ಇದೆ. ಯಾರೂ ಯಾರನ್ನೂ ತಿದ್ದಬೇಕಾಗಿಲ್ಲ.

ಪ್ರಮಾಣಕ್ಕೆ ತಪಸ್ಸುಕಾಲ ಒಳ್ಳೆಯ ಸಮಯ. ಚಿಕ್ಕ ಪ್ರಮಾಣವನ್ನು ಹನ್ನೆರಡು ತುಂಡು ಮಾಡಿ. ಒಂದು ತುಂಡಿಗೆ ಮೂರು ದಿನ. ಮೊದಲ ದಿನ ನೀವು ಹೇಳಿ, ಅವಳು ಹಿಂದಿನಿಂದ ಹೇಳಲಿ. ಎರಡನೇ ದಿನ ಇಬ್ಬರೂ ಕೂಡಿ. ಮೂರನೇ ದಿನ ಅವಳೊಬ್ಬಳೇ. ತಪ್ಪಿದರೆ ನಡುವೆ ಬಾಯಿ ಹಾಕಬೇಡಿ, ಮುಗಿದ ಮೇಲೆ ಸರಿಯಾದದ್ದನ್ನು ಒಂದು ಸಲ ಹೇಳಿ ಬಿಡಿ. ಅರ್ಥಕ್ಕೆ ದೊಡ್ಡ ಉಪದೇಶ ಬೇಡ. ಮಾರ್ಟಿನ್ ಲೂಥರ್ 1535ರಲ್ಲಿ ತನ್ನ ಕ್ಷೌರಿಕ ಪೀಟರನಿಗೆ ಬರೆದುಕೊಟ್ಟ ದಾರಿ ಮಕ್ಕಳಿಗೂ ಆಗುತ್ತದೆ: ಒಂದೊಂದು ಸಾಲಿಗೂ, ಇದು ಏನು ಕಲಿಸುತ್ತದೆ, ಯಾವುದಕ್ಕೆ ಸ್ತೋತ್ರ ಹೇಳೋಣ, ಯಾವುದಕ್ಕೆ ಕ್ಷಮೆ ಕೇಳೋಣ, ಏನು ಬೇಡೋಣ ಎಂಬ ನಾಲ್ಕೇ ಪ್ರಶ್ನೆ. ‘ಭೂಮ್ಯಾಕಾಶಗಳನ್ನು ಸೃಷ್ಟಿಸಿದ’ ಎಂಬ ಸಾಲಿಗೆ ಬೋರಿನಲ್ಲಿ ನೀರು ಬಂದದ್ದು ಸ್ತೋತ್ರಕ್ಕೆ, ನಲ್ಲಿ ನಿಲ್ಲಿಸದೆ ಓಡಿದ್ದು ಕ್ಷಮೆಗೆ, ತಾತನ ಹೊಲಕ್ಕೆ ಮಳೆ ಬೇಡಿಕೆಗೆ. ನಾಲ್ಕು ನಿಮಿಷವೂ ಆಗುವುದಿಲ್ಲ.

‘ಆಮೆನ್’ ಅನ್ನು ಬೇರೆಯಾಗಿಯೇ ಕಲಿಸಿ. ಅದು ‘ಮುಗಿಯಿತು’ ಅಲ್ಲ, ‘ನಿಜ, ಹಾಗೆಯೇ ಆಗಲಿ’. ರೋಮಿನ ದೇವಾಲಯಗಳಲ್ಲಿ ಅದು ಗುಡುಗಿನಂತೆ ಕೇಳುತ್ತಿತ್ತು ಎಂದು ಸಂತ ಜೆರೋಮರು ಬರೆದಿದ್ದಾರೆ. ನಮ್ಮಲ್ಲಿ ಅಷ್ಟು ಹೊತ್ತಿಗೆ ಅರ್ಧ ಜನ ಕೂತುಬಿಟ್ಟಿರುತ್ತಾರೆ.

ತಪಸ್ಸುಕಾಲದ ಮೊದಲ ದಿನವಾದ ವಿಭೂತಿ ಬುಧವಾರ ಶುರು ಮಾಡಿದರೆ ಹನ್ನೆರಡು ಮೂರಲೆ ಮೂವತ್ತಾರನೇ ದಿನಕ್ಕೆ, ಅಂದರೆ ಗರಿಗಳ ಭಾನುವಾರದ (ಈಸ್ಟರಿಗೆ ಒಂದು ವಾರ ಮುಂಚಿನದು) ಹಿಂದಿನ ಬುಧವಾರಕ್ಕೆ ಮುಗಿಯುತ್ತದೆ. ಉಳಿದ ಹತ್ತು ದಿನ ಇಡಿಯಾಗಿ ಹೇಳಿಸಿ, ಜ್ವರ ಬಂದು ತಪ್ಪಿದ ದಿನಗಳಿಗೂ ಅದೇ ಜಾಗ. ಪಾಸ್ಕ ಜಾಗರಣೆಯ ರಾತ್ರಿ ಗುರುಗಳು ಎಲ್ಲರ ದೀಕ್ಷಾಸ್ನಾನದ ಪ್ರಮಾಣ ನವೀಕರಿಸುವಾಗ ಹಳೆಯ ಮೂರು ಪ್ರಶ್ನೆಗಳನ್ನೇ ಕೇಳುತ್ತಾರೆ. ಅವಳ ಕೈಗೂ ಒಂದು ಮೇಣದಬತ್ತಿ ಕೊಡಿ, ಮೇಣ ಬೆರಳಿಗೆ ಇಳಿಯದಂತೆ ಬುಡಕ್ಕೆ ರಟ್ಟಿನ ಬಿಲ್ಲೆ ಸಿಕ್ಕಿಸಿ. ಉತ್ತರ ಅವಳೇ ಹೇಳಲಿ.